ಅಂತರಗಂಗೆಯ ಮೇಲೊಂದು ರಬ್ಬರ್ ಕಪ್ಪೆ

ಮೊನ್ನೆ ಹರಪನಹಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ನಮ್ಮ ಬಳೆ ಅಂಗಡಿಗೆ ಬಂದಳು. ಹಸಿರು ಬಳೆ, ಹಳದಿ ಬಳೆ, ಹಸಿರಿನ ಮೇಲೆ ಹಳದಿ ಚುಕ್ಕಿಯ ಬಳೆ ಎಲ್ಲವನ್ನೂ ಹರವಿಸಿದಳು. ಒಂದನ್ನೂ ಮೆಚ್ಚಲಿಲ್ಲ. ಕೊನೆಗೆ ಗಾಜಿನ ಕಪಾಟಿನ ಕೆಳಗಿನ ಖಾನೆಯ ಕಡೆ ಬೆರಳು ತೋರಿಸಿ, "ಅದೇನ್ರಿ ಅದು, ಕಪ್ಪಿ? ತಲಿಗೆ ಹಾಕ್ಕೊಳ್ಳದಾ?" ಎಂದು ಕೇಳಿದಳು.

"ಮಾರೋದಲ್ರಿ ಅದು," ಅಂದೆ.

"ಮಾರೋದಲ್ಲ ಅಂದ್ರ ಅಂಗಡ್ಯಾಗ ಯಾಕಿಟ್ಟೀರಿ ಮತ್ತ? ಕಣ್ಣಿಗೆ ಬೀಳ್ತೈತಿ, ಕೇಳ್ತೀವಿ."

ನ್ಯಾಯವಾದ ಮಾತು. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಪ್ಪನ ಕಾಲದಿಂದ ಬಳೆ, ಟಿಕಲಿ, ರಿಬ್ಬನ್ನು, ಪಿನ್ನು ಮಾರಿಕೊಂಡು ಬಂದ ನನಗೆ ಇಷ್ಟು ತಿಳಿದಿರಬೇಕಿತ್ತು. ಆದರೂ ಆ ಕಪ್ಪೆಯನ್ನು ಅಲ್ಲಿಂದ ತೆಗೆಯಲು ಮನಸ್ಸು ಬರುವುದಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಫ್ಯಾನಿನ ಗಾಳಿಗೆ ತೂಗುಹಾಕಿದ ಬಳೆಗಳು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಳ್ಳುವಾಗ ನಾನು ಅದನ್ನೇ ನೋಡುತ್ತ ಕೂರುತ್ತೇನೆ. ನೋಡನೋಡುತ್ತ ಅಂಗಡಿಯ ನೆಲ ಮೆಲ್ಲಗೆ ಹಸಿರಾಗುತ್ತದೆ. ಸಿಮೆಂಟಿನ ಮೇಲೆ ಎಲೆಗಳು ಅಗಲವಾಗುತ್ತವೆ. ಗಲ್ಲಾಪೆಟ್ಟಿಗೆಯ ಹಿಂದೆ ಎಲ್ಲೋ ಒಂದು ಗುಳ್ಳೆ ಮೇಲೆದ್ದು ಒಡೆಯುತ್ತದೆ. ಅಷ್ಟರಲ್ಲಿ ಯಾರಾದರೂ ಬಂದು "ಸೇಫ್ಟಿ ಪಿನ್ ಐತೇನ್ರಿ" ಅನ್ನುತ್ತಾರೆ. ಕೆರೆ ಮಾಯವಾಗುತ್ತದೆ.

ಅದು ಮೀನಿಗೆ ಹಾಕುವ ಕಪ್ಪೆ. ಹೆಬ್ಬೆರಳಿನಷ್ಟು ದಪ್ಪ, ಒಳಗೆ ಪೊಳ್ಳು, ಹಿಂಗಾಲಿನ ಬದಲು ದಾರದ ಎರಡು ಕುಚ್ಚು. ಬೆನ್ನಿಗೆ ಎರಡು ಗಾಳದ ಮುಳ್ಳು ಎಷ್ಟು ಅಂಟಿಕೊಂಡಿವೆಯೆಂದರೆ ಸವರಿದರೂ ತಾಗುವುದಿಲ್ಲ. ಹಿಚುಕಿದರೆ ಮಾತ್ರ ಬೆನ್ನು ಕುಸಿದು ಮುಳ್ಳು ಹೊರಬರುತ್ತದೆ. ಮೀನು ಬಾಯಿ ಮುಚ್ಚಿದಾಗ ಆಗುವುದೂ ಅದೇ. ಅಲ್ಲಿಯವರೆಗೆ ಬಳ್ಳಿ, ಎಲೆ, ದಂಟು ಯಾವುದಕ್ಕೂ ಸಿಕ್ಕಿಕೊಳ್ಳದೆ ಈ ಕಪ್ಪೆ ಕೆರೆಯ ಮೇಲೆ ಜಾರುತ್ತ ಬರುತ್ತದೆ, ಮದುವೆಮನೆಯಲ್ಲಿ ಯಾರ ಮಾತಿಗೂ ಸಿಗದೆ ಊಟದ ಪಂಕ್ತಿಗೆ ಸೇರುವ ಜಾಣ ಬೀಗನ ಹಾಗೆ.

ಇಂಥ ಹುಸಿ ಎರೆಗೆ ಲ್ಯೂರ್ ಅಂತ ಹೆಸರು. ನನ್ನ ಗೆಳೆಯ ಮಾಬುಸಾಬ ಮಾತ್ರ "ಡೂಪ್ಲಿಕೇಟ್" ಅನ್ನುತ್ತಾನೆ. ಅವನದು ಕೂಡ್ಲಿಗಿ ರಸ್ತೆಯಲ್ಲಿ ಮೋಟಾರ್‌ಸೈಕಲ್ ಗ್ಯಾರೇಜು. ಅವನ ಜಗತ್ತಿನಲ್ಲಿ ವಸ್ತುಗಳು ಎರಡೇ ಬಗೆ, ಒರಿಜಿನಲ್ ಮತ್ತು ಡೂಪ್ಲಿಕೇಟ್. "ಒರಿಜಿನಲ್ ಕಪ್ಪಿ ದಂಡಿ ಮ್ಯಾಲ ಪುಕ್ಕಟ ಕುಂತೈತಿ. ನೀ ಡೂಪ್ಲಿಕೇಟ್ ತರಿಸ್ಕೋತಿ. ಇಂಥಾ ಗಿರಾಕಿ ನನಗ್ಯಾಕ ಸಿಗಂಗಿಲ್ಲೋ ಈರಾ?" ಎಂದು ಅವನು ಕೇಳಿ ಕೇಳಿ ಈಗ ಅದು ನಮ್ಮಿಬ್ಬರ ನಡುವೆ ನಮಸ್ಕಾರದ ಹಾಗೆ ಆಗಿಹೋಗಿದೆ.

ಜೀವಂತ ಕಪ್ಪೆಯನ್ನು ಮುಳ್ಳಿಗೆ ಚುಚ್ಚುವುದು ನನ್ನಿಂದಾಗದು. ಹಾಗೆ ನೋಡಿದರೆ ಮೀನು ಹಿಡಿಯುವುದೂ ನನ್ನಿಂದಾಗಬಾರದು. ನಾವು ಕೊರಳಲ್ಲಿ ಲಿಂಗ ಕಟ್ಟುವ ಮಂದಿ. ಬೆಳ್ಳಿಯ ಕರಡಿಗೆಯೊಳಗೆ ಲಿಂಗ, ಕರಡಿಗೆಗೆ ಬಿಳಿ ನೂಲಿನ ಶಿವದಾರ. ಅಂಗೈ ಮೇಲಿಟ್ಟು ಪೂಜಿಸದೆ ಊಟವಿಲ್ಲ. ನಮ್ಮ ಅಡುಗೆಮನೆಗೆ ಮೀನಿರಲಿ, ಮೀನಿನ ಹೆಸರೂ ಹೊಕ್ಕಿದ್ದಿಲ್ಲ. ಅವ್ವ ಅದನ್ನು "ಆ ಕೆಲಸ" ಅನ್ನುತ್ತಾಳೆ. "ಈರಾ ಆ ಕೆಲಸಕ್ಕ ಹೋಗ್ಯಾನ." ಯಾವ ಕೆಲಸ ಅಂತ ಯಾರೂ ಕೇಳುವುದಿಲ್ಲ. ಕೇಳಿದವರು ಜೂಜೋ ಇನ್ನೇನೋ ಎಂದುಕೊಂಡರೂ ಅವಳಿಗೆ ಅಡ್ಡಿಯಿಲ್ಲ.

ತಿನ್ನದವನು ಯಾಕೆ ಹಿಡಿಯುತ್ತಾನೆ? ನೀವೂ ಕೇಳುತ್ತೀರಿ, ಗೊತ್ತು. ಕೆರೆ ಕಾಯುವವನೂ ಕೇಳಿದ. ಹಿಡಿದು, ನೋಡಿ, ಬಿಡುತ್ತೇವೆ ಎಂದೆ. ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ನೋಡಾಕ ಅಂದ್ರ ನೋಡ್ರಿ," ಎಂದು ಹೋದ. ಮಾಬುವಾದರೂ ತಿನ್ನಬೇಕಲ್ಲ? ಅವನಿಗೆ ಮುಳ್ಳಿನ ಅಂಜಿಕೆ. ಚಿಕ್ಕಂದಿನಲ್ಲಿ ಒಮ್ಮೆ ಗಂಟಲಿಗೆ ಸಿಕ್ಕಿ, ಅವರಮ್ಮ ಅನ್ನದ ಉಂಡೆ ನುಂಗಿಸಿದ್ದೇ ಕೊನೆ. ಹೀಗೆ ಈ ಸೀಮೆಯಲ್ಲಿ ಮೀನು ಮುಟ್ಟದ ಗಾಳದವರು ಬಹುಶಃ ನಾವಿಬ್ಬರೇ. ಮೀನುಗಳಿಗೆ ಈ ಸಂಗತಿ ತಿಳಿದಿರಬೇಕು. ಅದಕ್ಕೇ ಅವು ನಮ್ಮನ್ನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ.

ಹುಡುಗರಾಗಿದ್ದಾಗ ನಮ್ಮ ಮೊದಲ ಗಾಳ ಅಪ್ಪನ ಅಂಗಡಿಯ ಗುಂಡುಪಿನ್ನು. ಅದನ್ನು ಹಲ್ಲಿನಲ್ಲಿ ಬಗ್ಗಿಸಿದ್ದು ಮಾಬು. ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಸಿಗುವ ಬೆಂಡನ್ನು ನೀರಿನ ಮೇಲೆ ತೇಲಬಿಟ್ಟು, ಕಲಸಿದ ಜೋಳದ ಹಿಟ್ಟನ್ನು ಪಿನ್ನಿಗೆ ಮೆತ್ತಿ, ಬೆಂಡು ಯಾವಾಗ ಮುಳುಗೀತೆಂದು ಕಣ್ಣು ಮಿಟುಕಿಸದೆ ಕೂತಿರುತ್ತಿದ್ದೆವು. ಮುಳುಗುತ್ತಿತ್ತು. ಎಳೆದರೆ ಬರುತ್ತಿದ್ದದ್ದು ಪಾಚಿ. ಮತ್ತೆ ಎಳೆದರೆ ತಾವರೆಯ ದಂಟು. "ನಾವು ಕೆರಿಗೆ ಕಟಿಂಗ್ ಮಾಡಾಕ ಬಂದೀವಿ," ಅನ್ನುತ್ತಿದ್ದ ಮಾಬು. ಮನೆಗೆ ಬಂದರೆ ಅವ್ವ ಹಿತ್ತಲ ಬಾಗಿಲಲ್ಲೇ ನಿಲ್ಲಿಸಿ, ಹುಣಸೆಹಣ್ಣಿನಿಂದ ಕೈ ತಿಕ್ಕಿ, ತಲೆ ಮೇಲೆ ನೀರು ಸುರಿದು, "ಆ ಕೆಲಸಕ್ಕ ಹೋಗಿದ್ದಿ ಹೌದಿಲ್ಲೋ?" ಅನ್ನುತ್ತಿದ್ದಳು. ಒಂದು ಮೀನನ್ನೂ ಮುಟ್ಟದ ಕೈ ಅದು. ಹಾಗೆಂದು ಹೇಳಲು ಮಾನ ಅಡ್ಡ ಬರುತ್ತಿತ್ತು.

ಈಗಿನ ನಮ್ಮ ಕೆರೆ ಚಿಗಟೇರಿ ಕಡೆಗಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಕೋಲು ಹಿಡಿದು ಬರುತ್ತೀರಿ, ನನಗೆ ಹೊಸದೊಂದು ಚಿಂತೆ. ಅಂಗಡಿಗೆ ರಜೆಯಿರುವ ಮಂಗಳವಾರ, ಮಾಬುವಿನ ಹಳೆಯ ಗಾಡಿಯ ಹಿಂದೆ ಕೂತು, ಮನೆಯ ಗ್ಯಾಸು ಬಂದ್ ಆಗಿದೆಯೋ, ಅಂಗಡಿಯ ಬೀಗ ಎಳೆದು ನೋಡಿದೆನೋ, ಹೆಲ್ಮೆಟ್ಟಿನೊಳಗೆ ಚೇಳು ಇದ್ದಿರಬಹುದೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಹೋಗುತ್ತೇನೆ. ಏರಿ ಹತ್ತಿದ ಕೂಡಲೇ ಎಲ್ಲ ಮರೆತುಹೋಗುತ್ತದೆ. ಅಲ್ಲಿ ನೀರೆಂಬುದೇ ಕಾಣುವುದಿಲ್ಲ. ಅಂತರಗಂಗೆಯ ಬಳ್ಳಿ ದಟ್ಟವಾಗಿ ಹೆಣೆದುಕೊಂಡು, ನಡುನಡುವೆ ತಾವರೆ ಎಲೆ, ಅಂಚಿಗೆ ಜೊಂಡು, ಇಡೀ ಕೆರೆ ಯಾರೋ ಹಾಸಿ ಮರೆತುಹೋದ ಜಮಖಾನೆಯ ಹಾಗೆ ಬಿದ್ದಿರುತ್ತದೆ. ನಡೆದುಕೊಂಡು ಆಚೆ ದಡಕ್ಕೆ ಹೋಗಬಹುದು ಅನಿಸುತ್ತದೆ. ಉದ್ದ ಬೆರಳಿನ ಹಕ್ಕಿಗಳು ಎಲೆಯಿಂದ ಎಲೆಗೆ ಹಾಗೇ ನಡೆಯುತ್ತವೆ. ಅವುಗಳನ್ನು ನೋಡುವಾಗ ನನ್ನ ಮೈಯ ಭಾರವೂ ಎಲ್ಲಿಗೋ ಹೋಗಿ, ಬನಿಯನ್ನಿನೊಳಗೆ ಬರೀ ಗಾಳಿ ಇದ್ದ ಹಾಗಾಗುತ್ತದೆ.

ಆ ಜಮಖಾನೆಯ ಕೆಳಗೆ ಮರಲ್ ಮೀನು ಇದೆ. ಹಾವಿನ ತಲೆ, ಕಪ್ಪು ಬೆನ್ನು. ನೀರಲ್ಲಿದ್ದೂ ಅದಕ್ಕೆ ನಮ್ಮ ಹಾಗೆ ಗಾಳಿ ಬೇಕು. ಆಗಾಗ ಮೇಲೆ ಬಂದು, ಬಳ್ಳಿಯ ಸಂದಿನಲ್ಲಿ ಬಾಯಿಟ್ಟು, 'ಗುಳುಂ' ಎಂದು ಒಂದು ಗುಟುಕು ಗಾಳಿ ಕುಡಿದು ಹೋಗುತ್ತದೆ. ಮರಿ ಹಾಕಿದ ಕಾಲದಲ್ಲಿ ಗಂಡೂ ಹೆಣ್ಣೂ ಕೆಂಪು ಮರಿಗಳ ದಂಡನ್ನು ಕಾಯುತ್ತ ತಿರುಗುತ್ತವೆ. ಆಗ ನಾವು ಗಾಳ ಹಾಕುವುದಿಲ್ಲ, ಏರಿಯ ಮೇಲೆ ಕೂತು ಶೇಂಗಾ ತಿನ್ನುತ್ತೇವೆ. ಅಲ್ಲೊಂದು ದೊಡ್ಡ ಮರಲ್ ಇದೆ. ವರ್ಷಗಳಿಂದ ಅದರ ಗುಳುಂ ಕೇಳಿದ್ದೇನೆ. ಮೈ ನೋಡಿದ್ದಿಲ್ಲ.

ಇಂಥ ಕೆರೆಗೆ ಯಾವ ಎರೆ ಒಳ್ಳೆಯದು ಎಂಬುದೇ ನನ್ನ ಸಂಸಾರದ ದೊಡ್ಡ ಪ್ರಶ್ನೆ. ಕಪ್ಪೆಯಲ್ಲೇ ಹಸಿರು, ಕರಿ, ಹಳದಿ, ಬಿಳಿ ಉಂಟು. ಮೋಡವಿದ್ದರೆ ಕರಿಯದು ಅನ್ನುತ್ತಾರೆ, ಮೋಡ ಚದುರಿದರೆ? ಮೆತ್ತನೆಯ ರಬ್ಬರ್ ಹುಳ ಉಂಟು, ಮುಳ್ಳಿನ ತುದಿಯನ್ನು ಅದರ ಹೊಟ್ಟೆಯಲ್ಲೇ ಹುದುಗಿಸಬೇಕು. ಚಮಚದಂಥ ತಗಡು ಉಂಟು, ಮುಳ್ಳಿನ ಮುಂದೆ ತಂತಿಯ ಕಾವಲು. ಒಟ್ಟಿನಲ್ಲಿ ಬಳ್ಳಿಗೆ ಸಿಕ್ಕದೆ ಮೀನಿಗೆ ಮಾತ್ರ ಸಿಕ್ಕಬೇಕು. ಬಳೆ ಆರಿಸಲು ಅರ್ಧ ದಿನ ತೆಗೆದುಕೊಳ್ಳುವ ಹೆಂಗಸರನ್ನು ಕಂಡು ಜೀವಮಾನವಿಡೀ ಒಳಗೊಳಗೆ ನಕ್ಕವನು ನಾನು. ಈಗ ಸೋಮವಾರ ಸಂಜೆ ಎರೆಗಳ ಡಬ್ಬಿ ಮುಂದಿಟ್ಟುಕೊಂಡು ಒಂದನ್ನು ತೆಗೆದು ಒಂದನ್ನು ಇಟ್ಟು ಮಾಡುವಾಗ ಹೆಂಡತಿ ಗಿರಿಜಾ ಬಾಗಿಲಿಗೆ ಒರಗಿ ನಿಲ್ಲುತ್ತಾಳೆ.

"ಕೈಯಾಗ ಇಟ್ಕೊಂಡು ನೋಡ್ರಿ. ಹೊಂದಿದ್ರ ತಗೊಳ್ರಿ, ಇಲ್ಲಾಂದ್ರ ಬ್ಯಾರೆ ತೋರಸ್ತೀವಿ," ಅನ್ನುತ್ತಾಳೆ. ಅದು ನಾನು ಅಂಗಡಿಯಲ್ಲಿ ಆಡುವ ಮಾತು, ನನ್ನದೇ ರಾಗದಲ್ಲಿ.

ಗಿರಿಜಾ ಹೂವಿನಹಡಗಲಿಯವಳು, ಮಲ್ಲಿಗೆ ತೋಟದ ಮನೆಯ ಮಗಳು. ಅವಳ ಬೆರಳುಗಳು ಕಣ್ಣಿನ ಸಹಾಯವಿಲ್ಲದೆ ಹೂ ಕಟ್ಟುತ್ತವೆ. ಟಿವಿ ನೋಡುತ್ತ, ಜಗಳವಾಡುತ್ತ, ತೂಕಡಿಸುತ್ತ. ನಮ್ಮ ಬಿಸಿಲಿಗೆ ಕಪ್ಪೆಯ ರಬ್ಬರ್ ಕಾಲು ಅಂಟಂಟಾಗಿ ಉದುರಿದಾಗ ಬಾಳೆನಾರು ನೆನೆಸಿ, ಮಲ್ಲಿಗೆ ಕಟ್ಟುವ ಗಂಟಿನಲ್ಲೇ ದಾರದ ಕುಚ್ಚು ಕಟ್ಟಿಕೊಟ್ಟವಳು ಅವಳೇ. ಅಂಗಡಿಯಿಂದ ಬಂದ ಕಾಲು ಉದುರಿತು, ಅವಳ ಗಂಟು ಬಿಚ್ಚಿಲ್ಲ. ಅವತ್ತೇ ಅವಳು ನನ್ನ ಕೊರಳು ನೋಡಿ, "ಶಿವದಾರ ಸವದೈತಿ ನೋಡ್ರಿ, ಎಳಿ ಎದ್ದಾವ. ಹೊಸದು ಹಾಕ್ಕೊಳ್ರಿ," ಅಂದಿದ್ದಳು. ಹ್ಞೂಂ ಅಂದಿದ್ದೆ. ಮುಂದಿನ ವಾರವೂ ಹ್ಞೂಂ ಅಂದೆ. ಜಗತ್ತಿನ ಸಮಸ್ತ ವಿಷಯಕ್ಕೂ ಚಿಂತೆ ಮಾಡುವ ನಾನು ಅದೊಂದನ್ನು ಬಿಟ್ಟುಬಿಟ್ಟಿದ್ದೆ.

ಆ ಡಬ್ಬಿಯ ತಳದಲ್ಲಿ ಇನ್ನೊಂದು ಎರೆ ಇತ್ತು. ಫೋನಿನಲ್ಲಿ ಬಣ್ಣ ನೋಡಿ ಮರುಳಾಗಿ ತರಿಸಿದ್ದು. ನವಿಲುಬಣ್ಣದ ಪ್ಲಾಸ್ಟಿಕ್ ಮೀನು, ಹೊಟ್ಟೆಗೊಂದು ಬಾಲಕ್ಕೊಂದು ಮೂರುಮೂರು ಮುಳ್ಳಿನ ಗೊಂಚಲು. ತಿಳಿನೀರಿಗೆ ಹೇಳಿ ಮಾಡಿಸಿದ್ದು. ನಮ್ಮ ಕೆರೆಗೆ ಹಾಕಿದರೆ ಮೊದಲ ಎಳೆತಕ್ಕೇ ಅರ್ಧ ಕೆರೆ ಬೆನ್ನಟ್ಟಿ ಬರುತ್ತಿತ್ತು. ಒಮ್ಮೆ ಮಾಬುವಿನ ಲುಂಗಿಗೆ ಸಿಕ್ಕಿ, ಬಿಡಿಸಲು ಹೋದ ನನ್ನ ತೋಳಿಗೂ ಸಿಕ್ಕಿ, ನಾವಿಬ್ಬರೂ ಒಬ್ಬರಿಗೊಬ್ಬರು ಹೊಲಿದುಕೊಂಡ ಹಾಗೆ ಏರಿಯ ಮೇಲೆ ನಿಂತಿದ್ದೆವು. ಮಾಬು ಅದಕ್ಕೆ ಜಾಲಿಮುಳ್ಳು ಎಂದು ಹೆಸರಿಟ್ಟ.

ಒಂದು ಮಂಗಳವಾರ ಮೋಡವೂ ಇತ್ತು, ಬಿಸಿಲೂ ಇತ್ತು. ಕರಿ ಕಪ್ಪೆಯೋ ಹಸಿರೋ ಎಂದು ನಾನು ನಿರ್ಧರಿಸುವಷ್ಟರಲ್ಲಿ ಮಾಬು ಬೇವಿನ ಮರದ ಕೆಳಗೆ ಒಂದು ನಿದ್ದೆ ತೆಗೆದಿದ್ದ. ಕೊನೆಗೆ ಹಸಿರು ಕಟ್ಟಿದೆ. ಸೆಖೆಗೆ ಅಂಗಿಯ ಗುಂಡಿ ಬಿಚ್ಚಿದ್ದೆ. ನನಗೊಂದು ಚಾಳಿ: ಎಸೆಯುವ ಮೊದಲು ಕಪ್ಪೆಯನ್ನು ಎದೆಗೆ ಅವಚಿ ಹಿಡಿದು ರೀಲಿನ ದಾರ ಸರಿಮಾಡಿಕೊಳ್ಳುವುದು. ಅವಚಿದರೆ ಹಿಚುಕಿದಂತಾಗುತ್ತದೆ, ಹಿಚುಕಿದರೆ ಮುಳ್ಳು ಹೊರಬರುತ್ತದೆ ಎಂದು ನಿಮಗೆ ಆಗಲೇ ಹೇಳಿದ್ದೇನೆ. ನಾನೇ ಮರೆತೆ. ಅಷ್ಟರಲ್ಲಿ ದೂರದಲ್ಲಿ, ಒಂದು ತಾವರೆ ಮೊಗ್ಗಿನ ಬದಿಗೆ, ಗುಳುಂ. ದೊಡ್ಡದರ ಗುಳುಂ. ಮೈಯೆಲ್ಲ ಕಿವಿಯಾಗಿ ಕೋಲು ಬೀಸಿದೆ.

ಕೊರಳನ್ನು ಯಾರೋ ಮೆಲ್ಲಗೆ ಜಗ್ಗಿದ ಹಾಗಾಯಿತು. ಆಮೇಲೆ ಕೊರಳು ಹಗುರವಾಯಿತು. ಗಾಳಿಯಲ್ಲಿ ಹಸಿರು ಕಪ್ಪೆ ಒಂದು ಕಡೆ ಹೋಯಿತು, ಅದರಿಂದ ಬೇರೆಯಾಗಿ ಬೆಳ್ಳಗಿನದೊಂದು, ಬಾಲದಂತೆ ದಾರ ಬಿಟ್ಟುಕೊಂಡು, ಬಿಸಿಲಿಗೆ ಫಳಫಳ ಹೊಳೆಯುತ್ತ, ಅವಸರವೇ ಇಲ್ಲದ ಹಾಗೆ ಮೇಲೇರಿ, ಮೊಗ್ಗಿನ ಈಚೆಗೆ ಬಳ್ಳಿಯ ಮೇಲೆ ಇಳಿಯಿತು. ಸದ್ದೂ ಆಗಲಿಲ್ಲ. ಎಷ್ಟು ಚೆಂದವಿತ್ತೆಂದರೆ ಅದು ನನ್ನದು ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಮಾಬು ಎದ್ದು ಕೂತ. "ಏನಲೇ ಅದು ಬೆಳ್ಳಗ ಹಾರಿದ್ದು? ಕೊಕ್ಕರೇನು?"

"ಲಿಂಗ," ಅಂದೆ.

"ಯಾರದು?"

"ನಂದೋ."

ಅವನು ನನ್ನ ಬೋಳು ಕೊರಳು ನೋಡಿದ, ಕೆರೆ ನೋಡಿದ. "ಯಾ ಅಲ್ಲಾ! ಮಂದಿ ಕೆರಿಗೆ ಕಲ್ಲು ಒಗೀತಾರ. ನೀ ದೇವರನ್ನ ಒಗದ್ಯಲ್ಲೋ ಈರಾ!"

ಆ ಕರಡಿಗೆ ಅವ್ವನ ಕಾಲ್ಗಡಗ. ನನಗೆ ಲಿಂಗ ಕಟ್ಟಿದಾಗ ಅವಳು ತನ್ನ ಕಡಗ ಕರಗಿಸಿ ಮಾಡಿಸಿದ್ದು. ಅವಳದೊಂದು ಪದ್ಧತಿಯಿದೆ. ಸಂಜೆ ನಾನು ಪೂಜೆ ಮುಗಿಸಿ ಊಟಕ್ಕೆ ಕೂರುವ ಮೊದಲು ಕೈ ಚಾಚುತ್ತಾಳೆ, ನಾನು ಬಾಗುತ್ತೇನೆ, ಕರಡಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಜ್ವರ ಬಂದ ದಿನವೂ ತಪ್ಪಿಸಿದ್ದಿಲ್ಲ. ಇವತ್ತು ಸಂಜೆ ಆ ಕೈ ಬರುತ್ತದೆ, ನನ್ನ ಎದೆಯ ಮೇಲೆ ಏನೂ ಇರುವುದಿಲ್ಲ. ಬೇರೆ ಲಿಂಗ ಮಠಕ್ಕೆ ಹೋಗಿ ಕಟ್ಟಿಸಿಕೊಳ್ಳಬಹುದು, ಅದಕ್ಕೆ ದಾರಿಯುಂಟು. ಆ ಕೈಗೆ ಏನು ಕೊಡಲಿ?

ನಾನು ಚಪ್ಪಲಿ ಬಿಟ್ಟು ಇಳಿಯತೊಡಗಿದೆ. ಮಾಬು ಹಿಂದಿನಿಂದ ಅಂಗಿ ಹಿಡಿದ. "ಹುಚ್ಚ ಅದೀಯೇನು? ಒಳಗ ಕುತ್ತಿಗಿಮಟ ಹೂಳೈತಿ. ಬಳ್ಳಿ ಕಾಲಿಗೆ ಸುತ್ತಿದ್ರ ಮುಗೀತು. ನಿನ್ನ ಹುಡುಕಾಕ ನಾ ಯಾವ ಡೂಪ್ಲಿಕೇಟ್ ಹಾಕ್ಲಿ?"

"ತೆಪ್ಪ ತರಿಸೋಣೇನೋ?"

"ತೆಪ್ಪ ಹೋದ್ರ ಬಳ್ಳಿ ಅಲ್ಲಾಡ್ತೈತಿ. ಈಗ ಮ್ಯಾಲ ಕುಂತೈತಿ ಅಂತ ಇಟ್ಕೋ, ಅಲ್ಲಾಡಿದ್ರ ತಳ ಸೇರತೈತಿ."

ಆಮೇಲೆ ಅವನಿಗೆ ಒಂದು ಹೊಳಹು. ಗಾಡಿಯ ಡಿಕ್ಕಿಯಿಂದ ಹಳೆಯ ಡೈನಮೋದ ಅಯಸ್ಕಾಂತ ತೆಗೆದ. ಇಬ್ಬರೂ ಖುಷಿಯಾಗಿ ಅದನ್ನು ದಾರಕ್ಕೆ ಕಟ್ಟಿ ಎಸೆದು ಎಳೆದೆವು. ಬೇವಿನ ನೆರಳು ಸರಿಯುವಷ್ಟು ಹೊತ್ತು ಎಳೆದ ಮೇಲೆ ನಾನು ಮೆಲ್ಲಗೆ ಕೇಳಿದೆ, "ಮಾಬು, ಬೆಳ್ಳಿಗೆ ಅಯಸ್ಕಾಂತ ಹತ್ತತೈತೇನೋ?"

ಅವನು ಅಯಸ್ಕಾಂತವನ್ನು ಬಿಚ್ಚಿ ಜೇಬಿಗಿಟ್ಟುಕೊಂಡ. "ನೀ ಮೊದಲ ಹೇಳಬೇಕಿಲ್ಲೋ," ಅಂದ. ಚಿಂತೆಯಾದರೆ ಅವನಿಗೆ ಹಸಿವಾಗುತ್ತದೆ. ನನ್ನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿನ್ನತೊಡಗಿದ. "ಹೆಂಗೂ ನೀ ಉಣ್ಣಂಗಿಲ್ಲ ಇವತ್ತ," ಎಂದು ಸಮಾಧಾನವನ್ನೂ ಹೇಳಿದ.

ಉಳಿದದ್ದು ಎರೆಗಳೇ. ಕಪ್ಪೆಯನ್ನೇ ಮತ್ತೆ ಎಸೆದೆ. ಸರಿಯಾಗಿ ಮೊಗ್ಗಿನ ಆಚೆಗೆ ಬಿತ್ತು. ಎಳೆದೆ. ಅಯ್ಯೋ, ಎಂಥ ಜಾರುವಿಕೆ ಅದು! ಎಲೆ ಹತ್ತಿತು, ಎಲೆ ಇಳಿಯಿತು, ಬಳ್ಳಿ ದಾಟಿತು, ಕರಡಿಗೆ ಬಿದ್ದ ಜಾಗದ ಮೇಲೆಯೇ ಹಾದು, ಒಂದು ಎಳೆಯನ್ನೂ ಮುಟ್ಟದೆ ನನ್ನ ಕಾಲ ಬಳಿ ಬಂದು ಕೂತಿತು. ತಗಡು ಎಸೆದೆ, ತಂತಿಯ ಕಾವಲು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತು. ರಬ್ಬರ್ ಹುಳವೂ ಸಭ್ಯವಾಗಿ ಬಂತು. ಏನಕ್ಕೂ ಸಿಕ್ಕಿಕೊಳ್ಳದ ವಸ್ತುಗಳನ್ನು ವರ್ಷಗಟ್ಟಲೆ ಹುಡುಕಿ ಆರಿಸಿ ತುಂಬಿಟ್ಟ ಡಬ್ಬಿ ಅದು. ಅಷ್ಟು ಒಳ್ಳೆಯ ಆಯ್ಕೆ ನನ್ನದು ಎಂದು ಆವತ್ತೇ ತಿಳಿದದ್ದು. ಅಳು ಬಂತು.

ಇನ್ನೇನಾದರೂ ಇದೆಯೇ ಎಂದು ಡಬ್ಬಿಯ ತಳಕ್ಕೆ ಕೈ ಹಾಕಿದೆ. ಕೈ ಹೊರಗೆ ಬರಲಿಲ್ಲ. ಅಂಗಿಯ ತೋಳಿಗೆ ಏನೋ ಕಚ್ಚಿತ್ತು. ಮೇಲೆತ್ತಿದರೆ ಡಬ್ಬಿಯೇ ಎದ್ದು ಬಂತು. ತೋಳಿನಿಂದ ಜಾಲಿಮುಳ್ಳು ನೇತಾಡುತ್ತಿತ್ತು. ಅದಕ್ಕೆ ಉಳಿದ ಕಪ್ಪೆ, ಹುಳ, ದಾರದ ಉಂಡೆ, ನನ್ನ ಕರವಸ್ತ್ರ ಎಲ್ಲ ಸಿಕ್ಕಿಕೊಂಡಿದ್ದವು.

ಮಾಬು ಬಾಯಲ್ಲಿದ್ದ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಕಟ್ಟಲೇ ಅದನ್ನ," ಅಂದ.

ಕಟ್ಟಿದೆ. ಇದ್ದದ್ದು ಅದೊಂದೇ. ದಾರ ಕಡಿದರೆ ಎಲ್ಲವೂ ಹೋಯಿತು ಎಂದು ಗಂಟಿಗೆ ಉಗುಳು ಹಚ್ಚಿ ಬಿಗಿದೆ. ಮೊದಲ ಎಸೆತಕ್ಕೆ ಒಂದು ಹೊರೆ ಅಂತರಗಂಗೆ ಬಂತು. ಮಾಬು ಲುಂಗಿ ಎತ್ತಿಕಟ್ಟಿ, ಹೊರೆಯನ್ನು ದಡಕ್ಕೆಳೆದು, ಎಲೆ ಎಲೆ ಬಿಡಿಸಿ ನೋಡಿ, ಪಕ್ಕಕ್ಕೆ ಒಗೆದ. ಮತ್ತೊಂದು ಹೊರೆ. ಒಳಗೆ ಬಸವನಹುಳು, ಯಾರದೋ ಚಪ್ಪಲಿಯ ಉಂಗುಷ್ಠ, ಮತ್ತೆ, ನೀವು ನಂಬಿದರೆ ನಂಬಿ, ಕಳೆದ ಬೇಸಿಗೆಯಲ್ಲಿ ದಾರ ಕಡಿದು ಹೋಗಿದ್ದ ನನ್ನದೇ ಬಿಳಿ ಕಪ್ಪೆ. ಬಿಸಿಲು ಓರೆಯಾಗುತ್ತ ಬಂತು. ದಡದ ಮೇಲೆ ಹಸಿರು ಗುಡ್ಡೆ ಬೆಳೆಯುತ್ತ ಹೋಯಿತು. ಎಸೆಯುವುದು, ಎಳೆಯುವುದು, ಬಿಡಿಸುವುದು. ತೋಳು ಸೋತು ಮನಸ್ಸು ಮಂಕಾದಾಗ ನಾನು ಎಸೆಯುತ್ತಿದ್ದೇನೋ ಕೆರೆಯೇ ನನ್ನನ್ನು ಎಸೆದು ಎಸೆದು ಎಳೆದುಕೊಳ್ಳುತ್ತಿದೆಯೋ ತಿಳಿಯದ ಹಾಗಾಯಿತು. ಪಿನ್ನು ಬಗ್ಗಿಸಿದ ಆ ಮಧ್ಯಾಹ್ನವೇ ಇನ್ನೂ ಮುಗಿದಿಲ್ಲ, ಬೆಂಡು ಈಗ ಮುಳುಗೀತು, ಅವ್ವ ಹಿತ್ತಲಲ್ಲಿ ನೀರು ತುಂಬಿಟ್ಟಿರುತ್ತಾಳೆ ಅನಿಸಿತು.

ಆಗ ಬಂತು ಅದು.

ಮೊಗ್ಗಿನ ಬದಿಯ ಬಳ್ಳಿ ಒಮ್ಮೆಲೇ ಉಬ್ಬಿತು. ಕಪ್ಪು ತಲೆಯೊಂದು ಎದ್ದು, ಜಾಲಿಮುಳ್ಳನ್ನು ಬಾಯಲ್ಲಿ ಹಿಡಿದು, ಮಗುಚಿತು. ರೀಲು ಕಿರುಚಿತು. ವರ್ಷಗಳಿಂದ ಬರೀ ಗುಳುಂ ಕೇಳಿಸಿದ್ದ ಆ ಮರಲ್, ನನ್ನ ತೋಳಿನುದ್ದದ್ದು, ಕೋಲಿನ ಆ ತುದಿಯಲ್ಲಿತ್ತು.

"ಹಿಡೀಲೇ! ಬಿಡಬ್ಯಾಡ! ದೊಡ್ದು, ದೊಡ್ದು!" ಮಾಬು ಕುಣಿಯತೊಡಗಿದ.

"ಬ್ಯಾಡೋ! ಎಳದ್ರ ದಾರ ಕಡೀತೈತಿ, ಮುಳ್ಳು ಹೋಗತೈತಿ!"

"ಇಷ್ಟು ವರ್ಷ ಕಾದೀಯಲ್ಲೋ!"

ಕಾದಿದ್ದೆ. ಮೀನು ಬಳ್ಳಿಯೊಳಗೆ ನುಗ್ಗಿ ಹೊರಳುತ್ತಿತ್ತು, ಅದರ ಹೊರಳಾಟಕ್ಕೆ ಇಡೀ ಜಮಖಾನೆ ಏಳುತ್ತ ಬೀಳುತ್ತಿತ್ತು. ಒಂದೊಂದು ಅಲುಗಾಟಕ್ಕೂ ಎಲ್ಲೋ ಕರಡಿಗೆ ಒಂದೊಂದು ಎಲೆ ಕೆಳಗೆ ಜಾರುವುದು ನನ್ನ ಎದೆಗೆ ಕಾಣುತ್ತಿತ್ತು. ಗಾಳ ಹಿಡಿದವನು ಯಾವತ್ತೂ ಬೇಡದ್ದನ್ನು ಬೇಡಿದೆ. ಬಿಟ್ಟುಬಿಡಪ್ಪ, ಒಮ್ಮೆ ಬಾಯಿ ತೆರೆ, ನಿನಗೆ ಕೈಮುಗಿಯುತ್ತೇನೆ. ಕೋಲು ತಗ್ಗಿಸಿದೆ. ರೀಲು ಸಡಿಲಿಸಿ ದಾರ ಬಿಟ್ಟೆ. ಮರಲ್ ತಲೆ ಹೊರಗೆ ಚಾಚಿತು. ಒಂದು ಕ್ಷಣ ಬಳ್ಳಿಯ ಮೇಲೆ ಗಲ್ಲವಿಟ್ಟು, ಕಿಟಕಿಯಿಂದ ನೋಡುವವರ ಹಾಗೆ ನನ್ನನ್ನು ನೋಡಿತು. ಆಮೇಲೆ ತಲೆ ಕೊಡವಿ ಜಾಲಿಮುಳ್ಳನ್ನು ಉಗುಳಿ, ಗುಳುಂ ಎಂದು ತನ್ನ ಪಾಲಿನ ಗಾಳಿ ಕುಡಿದು ಹೋಯಿತು.

ಮಾಬು ನೆತ್ತಿಗೆ ಕೈಯಿಟ್ಟು ಕೂತುಬಿಟ್ಟ.

ನಾನು ದಾರ ಸುತ್ತತೊಡಗಿದೆ. ಮೀನು ಹೊರಳಿದ ಜಾಗದಲ್ಲಿ ಬಳ್ಳಿಗಳೆಲ್ಲ ಬೇರುಮೇಲಾಗಿ ಬಿದ್ದಿದ್ದವು. ಜಾಲಿಮುಳ್ಳು ತನ್ನ ಸ್ವಭಾವದಂತೆ ಅವುಗಳನ್ನು ಸಾರಾಸಗಟು ಬಾಚಿಕೊಂಡು ಬಂತು. ಹಿಂದೆಂದೂ ಬಂದಿರದಷ್ಟು ದೊಡ್ಡ ಹೊರೆ. ಇಬ್ಬರೂ ಹಿಡಿದೆಳೆದೆವು. ಕರಿ ಬೇರುಗಳ ನಡುವೆ ಒಂದು ಬೇರು ಬೆಳ್ಳಗಿತ್ತು.

ಬೇರಲ್ಲ, ಶಿವದಾರ. ಬೆರಳಿಗೆ ಸುತ್ತಿ ಮೆಲ್ಲಗೆ ಎಳೆಯುತ್ತ ಹೋದೆ. ತುದಿಯಲ್ಲಿ, ಮಣ್ಣು ಮೆತ್ತಿಕೊಂಡು, ಮುಚ್ಚಳ ಬಿಗಿದುಕೊಂಡು, ಅವ್ವನ ಕಾಲ್ಗಡಗ ಬಂತು.

ಮಾಬು ಒಂದು ತಾವರೆ ಎಲೆ ಕಿತ್ತು, ಅದರಲ್ಲಿ ನೀರು ಮೊಗೆದು ತಂದುಕೊಟ್ಟ. ಏರಿಯ ಮೇಲೆ ಪಶ್ಚಿಮದ ಬಿಸಿಲಿನಲ್ಲಿ ಕೂತು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೆ. ಅವನು ನನಗೆ ಬೆನ್ನು ಮಾಡಿ ನಿಂತು, ಅತ್ತ ಬಂದ ಎಮ್ಮೆಯೊಂದನ್ನು "ಹೋಗಲೇ, ನಮ್ಮ ಈರ ಪೂಜಿಗೆ ಕುಂತಾನ" ಎಂದು ಗದರಿದ. ಕಣ್ಣು ಮುಚ್ಚಿದಾಗ ಹಸಿರು ಇನ್ನೂ ಅಲುಗಾಡುತ್ತಿತ್ತು. ಕಣ್ಣು ಬಿಟ್ಟಾಗ ನೆನಪಾದದ್ದು ಹಸಿವು. ಬುತ್ತಿಯಲ್ಲಿ ಚಟ್ನಿಯ ಕೆಂಪು ಮಾತ್ರ ಉಳಿದಿತ್ತು.

"ಚಿಂತಿ ಭಾಳ ಆಗಿತ್ತೋ," ಅಂದ ಮಾಬು.

ಅವತ್ತೇ ಆ ಹಸಿರು ಕಪ್ಪೆಯನ್ನು ಕೆಲಸದಿಂದ ಬಿಡಿಸಿದೆ. ಕಪಾಟಿನ ಕೆಳಖಾನೆಯಲ್ಲಿ ಅದು ಈಗ ಪಿಂಚಣಿ ಅನುಭವಿಸುತ್ತಿದೆ. ಜಾಲಿಮುಳ್ಳು ಡಬ್ಬಿಯ ಮೇಲಿನ ಅಂತಸ್ತಿಗೆ ಏರಿದೆ. ಮೀನಿಗೆಂದು ಅದನ್ನು ಇನ್ನೊಮ್ಮೆ ಕಟ್ಟಿಲ್ಲ, ಆದರೆ ಅದಿಲ್ಲದೆ ಮನೆ ಬಿಟ್ಟೂ ಇಲ್ಲ.

ಆ ಸಂಜೆ ಮನೆಗೆ ಬಂದಾಗ ಕರಡಿಗೆ ನನ್ನ ಅಂಗಿಯ ಜೇಬಿನಲ್ಲಿತ್ತು. ಗಿರಿಜಾ ನನ್ನ ಕೊರಳು ನೋಡಿದಳು, ಜೇಬು ನೋಡಿದಳು. "ನಾ ಹೇಳಿದ್ದಿಲ್ಲೇನ್ರಿ" ಅನ್ನುವ ಮುಖ ಮಾಡಿದಳೇ ಹೊರತು ಅನ್ನಲಿಲ್ಲ. ಹೊಸ ನೂಲು ತಂದು, ಕಪ್ಪೆಯ ಕುಚ್ಚಿಗೆ ಹಾಕಿದ್ದ ಅದೇ ಮಲ್ಲಿಗೆ ಗಂಟು ಹಾಕಿ ಕಟ್ಟಿದಳು. ಜಗ್ಗಿ ನೋಡಿದಳು, ಕರಡಿಗೆಯನ್ನಲ್ಲ, ನನ್ನನ್ನು. ಪೂಜೆ ಮುಗಿಸಿ ಗಂಗಾಳದ ಮುಂದೆ ಕೂತೆ. ಅವ್ವನ ಕೈ ಬಂತು. ಬಾಗಿದೆ.

ಮುಟ್ಟಿದವಳು ಎಂದಿನಂತೆ ಬಿಡಲಿಲ್ಲ. ಹೊಸ ದಾರವನ್ನು ಬೆರಳಲ್ಲಿ ಸವರಿದಳು. ಕರಡಿಗೆಯ ಮುಚ್ಚಳದ ಸಂದಿನಿಂದ ಏನನ್ನೋ ಉಗುರಲ್ಲಿ ಬಿಡಿಸಿ ದೀಪದ ಬೆಳಕಿಗೆ ಹಿಡಿದಳು. ಒಂದು ಎಳೆ ಪಾಚಿ. ಅದನ್ನು ಸೆರಗಿಗೆ ಒರೆಸಿಕೊಂಡು, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡಳು.

"ಮೀನ ಸಿಕ್ತೇನೋ?" ಅಂದಳು.

ಗಿರಿಜಾ ಸೌಟು ಹಿಡಿದವಳು ಹಾಗೇ ನಿಂತಳು. ಆ ಮನೆಯಲ್ಲಿ, ಆ ಬಾಯಲ್ಲಿ, ಆ ಮಾತನ್ನು ನಾನು ಮೊದಲ ಸಲ ಕೇಳುತ್ತಿದ್ದೆ.

"ಸಿಕ್ಕಿತ್ತವ್ವ. ಬಿಟ್ಟೆ."

"ದೊಡ್ಡದಿತ್ತೇನು?"

ಎರಡೂ ಕೈ ಅಗಲಿಸಿ ತೋರಿಸಿದೆ. ಗಾಳ ಹಾಕುವವರೆಲ್ಲ ತೋರಿಸುವಷ್ಟೇ ಅಗಲ.

ಅವ್ವ ನನ್ನ ಎರಡೂ ಕೈ ಹಿಡಿದು, ಒಂದಿಷ್ಟು ಹತ್ತಿರಕ್ಕೆ ತಂದಳು. ನೋಡಿದಳು. ಇನ್ನೊಂದಿಷ್ಟು ತಂದಳು.

"ಇಷ್ಟಿತ್ತು," ಅಂದಳು. "ಇನ್ನ ಉಣ್ಣು."